ಕ್ಯೂಆರ್ ಕೋಡ್ ಪುಸ್ತಕದಲ್ಲಿದೆ, ಪಾಠ ಮಾತ್ರ ಮನೆ ತಲುಪಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಸರ್ಕಾರಿ ಪ್ರೌಢಶಾಲೆಗಳಿಗೆ ಸ್ಮಾರ್ಟ್ ಬೋರ್ಡ್, ಟ್ಯಾಬ್ ಕೊಡಬೇಕೆಂಬ ಮಾತು ಬಜೆಟ್ ಹತ್ತಿರವಾದಾಗಲೆಲ್ಲ ಏಳುತ್ತದೆ. ಕೊಡಲಿ, ಬೇಡವೆನ್ನುವವರು ನಾವಲ್ಲ. ಆದರೆ ಬೋರ್ಡ್ ಇರುವ ಕೋಣೆಗೆ ಸಂಜೆ ನಾಲ್ಕೂವರೆಗೆ ಬೀಗ ಬೀಳುತ್ತದೆ. ಮಕ್ಕಳು ಓದಿ ಬರೆಯಲು ಕೂರುವುದು ಅದರ ನಂತರ. ಬೆಳಿಗ್ಗೆ ಅರ್ಥವಾಗದ ಪಾಠವನ್ನು ಇನ್ನೊಮ್ಮೆ ನೋಡಬೇಕೆಂದರೆ ಆ ಹೊತ್ತಿನಲ್ಲಿ ಕೈಗೆ ಸಿಗುವುದು ಪುಸ್ತಕ, ಗೈಡು. ಅಪ್ಪನ ಫೋನ್ ಸಿಕ್ಕರೆ ಯೂಟ್ಯೂಬ್. ಬೀಗ ಬಿದ್ದ ಮೇಲಿನ ಎರಡು-ಮೂರು ತಾಸಿಗೆ ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು, ಅದು ಎಲ್ಲೆಲ್ಲಿ ಕೆಡುತ್ತದೆ ಎಂದು ಹೇಳಲು ಈ ಪತ್ರ.

ಕನ್ನಡದಲ್ಲಿ ಕಲಿಕಾ ಸಾಮಗ್ರಿಗೆ ಬರವಿಲ್ಲ. 2017ರಲ್ಲಿ ಶುರುವಾದ ದೀಕ್ಷಾ ಎಂಬ ಸರ್ಕಾರಿ ಕಲಿಕಾ ಆ್ಯಪ್‌ಗೆ ಕೊಂಡಿಯಾಗಿ ನಮ್ಮ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಅಚ್ಚಾಗಿದೆ. ಅದರ ಕೆಳಗಿರುವ ಆರು ಅಕ್ಷರ–ಅಂಕಿಗಳನ್ನು ಟೈಪ್ ಮಾಡಿದರೂ ಸಾಕು, ಲಾಗಿನ್ ಕೂಡ ಬೇಕಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಪ್ರಸಾರವಾದ ‘ಸಂವೇದ’ ವಿಡಿಯೊ ಪಾಠಗಳಿವೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಪ್ರಯೋಗಗಳಲ್ಲಿ, ಅಂದರೆ ಪರದೆಯ ಮೇಲೆಯೇ ಮಾಡಿ ನೋಡುವ ವಿಜ್ಞಾನ, ಗಣಿತದ ಪ್ರಯೋಗಗಳಲ್ಲಿ, ಬಹಳಷ್ಟು ಕನ್ನಡಕ್ಕೆ ಬಂದಿವೆ. 2003ರಿಂದ ಬೆಳೆಯುತ್ತಿರುವ ಕನ್ನಡ ವಿಕಿಪೀಡಿಯ ಇದೆ, ಚಿಕ್ಕ ಮಕ್ಕಳಿಗೆ ಸ್ಟೋರಿವೀವರ್ ಜಾಲತಾಣದ ಕಥೆಗಳಿವೆ. ಎಲ್ಲವೂ ಉಚಿತ. ಆದರೆ ಇವೆಲ್ಲ ಇಂಟರ್ನೆಟ್ಟಿನ ಆಚೆ ದಡದಲ್ಲಿವೆ. ಡೇಟಾ ಅಗ್ಗವಾಗಿದೆಯಲ್ಲ ಎನ್ನುವವರು ಸಂಜೆ ಏಳಕ್ಕೆ ಹಳ್ಳಿ ಮನೆಗೆ ಬಂದು ನೋಡಬೇಕು. ಮನೆಗೆ ಒಂದೇ ಫೋನು, ಆ ದಿನದ ಡೇಟಾ ಮಧ್ಯಾಹ್ನವೇ ಖಾಲಿ, ಸಿಗ್ನಲ್ ಬೇಕಾದರೆ ಮಾಳಿಗೆ ಹತ್ತಬೇಕು.

ಹಾಗಾಗಿ ಇಂಟರ್ನೆಟ್ ಇಲ್ಲದೆಯೇ ಈ ಸಾಮಗ್ರಿಯನ್ನೆಲ್ಲ ಕೊಡುವ ಒಂದು ಕಂಪ್ಯೂಟರನ್ನು ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಅಂದರೆ ಈಗಿನ ಅರಿವು ಕೇಂದ್ರದಲ್ಲಿ, ಇಡಬೇಕು. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಸುಪರ್ದಿಗೆ ಬಂದ ಇಂಥ ಗ್ರಂಥಾಲಯಗಳು ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚಿವೆ. ಕಟ್ಟಡವಿದೆ, ಮೇಲ್ವಿಚಾರಕರಿದ್ದಾರೆ, ಹಲವು ಕಡೆ ಕಂಪ್ಯೂಟರೂ ಇದೆ. ಹೊಸ ಯೋಜನೆಯೇನೂ ಬೇಕಿಲ್ಲ.

ಇದಕ್ಕೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಕೊಳ್ಳಿ ಎಂದು ತಿಳಿದವರು ಹೇಳುತ್ತಾರೆ. ಆಗಬಹುದು, ಆದರೆ ನಮ್ಮ ಮತ ಹಳೆಯ ಲ್ಯಾಪ್‌ಟಾಪ್‌ಗೆ. ಪೈ ಮೆಮೊರಿ ಕಾರ್ಡಿನಿಂದ ಓಡುವಂಥದ್ದು. ಕರೆಂಟು ಹಠಾತ್ತನೆ ಹೋದಾಗ ಕಾರ್ಡಿನ ಫೈಲುಗಳು ಕೆಟ್ಟು ಮರುದಿನ ಅದು ಏಳದೇ ಇರಬಹುದು. ನಾಲ್ಕನೇ ಆವೃತ್ತಿಯವರೆಗಿನ ಪೈಗಳಲ್ಲಿ ಬ್ಯಾಟರಿಯ ಗಡಿಯಾರವಿಲ್ಲ. ಇಂಟರ್ನೆಟ್ ಇಲ್ಲದ ಕಡೆ ದಿನಾಂಕ ತಪ್ಪಾಗಿ, ಯಾವ ಮಗು ಯಾವತ್ತು ಏನು ಓದಿತು ಎಂಬ ದಾಖಲೆಯೆಲ್ಲ ಕಲಸಿಹೋಗುತ್ತದೆ. ಫೋನ್ ಚಾರ್ಜರ್ ಹಾಕಿದರೆ ವೋಲ್ಟೇಜ್ ಕುಸಿದು ನಡುನಡುವೆ ನಿಲ್ಲುತ್ತದೆ. ನಾಲ್ಕನೇ ಆವೃತ್ತಿಗೆ 5 ವೋಲ್ಟ್, 3 ಆಂಪಿಯರ್‌ನದೇ ಅಡಾಪ್ಟರ್ ಬೇಕು. ಲ್ಯಾಪ್‌ಟಾಪ್‌ನಲ್ಲಿ ಗಡಿಯಾರವೂ ಇದೆ, ಬ್ಯಾಟರಿಯೂ ಇದೆ. 4 ಜಿಬಿ ರ‍್ಯಾಮ್ ಇರುವ, ಕೀಬೋರ್ಡಿನ ಎರಡು ಕೀಲಿ ಕಿತ್ತುಹೋದ ಲ್ಯಾಪ್‌ಟಾಪ್ ಸಾಕು. ಹಳೆಯ ಹಾರ್ಡ್‌ಡಿಸ್ಕ್ ತೆಗೆದು 256 ಜಿಬಿಯ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿದರೆ ಇನ್ನೂ ಒಳ್ಳೆಯದು.

ಮಕ್ಕಳ ಫೋನುಗಳು ಈ ಲ್ಯಾಪ್‌ಟಾಪಿಗೆ ಸೇರಲು ಜೊತೆಗೆ ಒಂದು ಸಾಧಾರಣ ವೈಫೈ ರೂಟರ್ ಬೇಕು, ಸಾವಿರದಿಂದ ಒಂದೂವರೆ ಸಾವಿರ ರೂಪಾಯಿಯದು. ಲ್ಯಾಪ್‌ಟಾಪ್‌ನ ಸ್ವಂತ ಹಾಟ್‌ಸ್ಪಾಟ್ ನಂಬಬೇಡಿ, ಏಳೆಂಟು ಫೋನ್ ಸೇರುವಷ್ಟರಲ್ಲಿ ಅದು ತಡಬಡಾಯಿಸುತ್ತದೆ. ಲ್ಯಾಪ್‌ಟಾಪನ್ನು ಕೇಬಲ್‌ನಿಂದ ರೂಟರಿನ ಲ್ಯಾನ್ ರಂಧ್ರಕ್ಕೆ ಜೋಡಿಸಬೇಕು. ಹೊರಗಿನ ಇಂಟರ್ನೆಟ್ಟಿಗೆಂದು ಇರುವ, ಸಾಮಾನ್ಯವಾಗಿ ಬೇರೆ ಬಣ್ಣದ ವ್ಯಾನ್ ರಂಧ್ರಕ್ಕೆ ಚುಚ್ಚಿ, ಕೆಲಸ ಮಾಡುತ್ತಿಲ್ಲವೆಂದು ಕೈಬಿಡುವುದುಂಟು. ರೂಟರಿನ ಸೆಟ್ಟಿಂಗ್‌ನಲ್ಲಿ ಲ್ಯಾಪ್‌ಟಾಪ್‌ಗೆ ಒಂದು ಕಾಯಂ ವಿಳಾಸ ಕೊಡಿ, ಉದಾಹರಣೆಗೆ 192.168.0.10. ಮಕ್ಕಳು ಫೋನಿನಲ್ಲಿ ಟೈಪ್ ಮಾಡುವುದು ಇದನ್ನೇ. ಇಲ್ಲದಿದ್ದರೆ ವಿಳಾಸ ಬದಲಾಗಿ, ಅದನ್ನು ಬರೆದು ಗೋಡೆಗೆ ಅಂಟಿಸಿದ ಚೀಟಿ ಸುಳ್ಳಾಗುತ್ತದೆ. ಕರೆಂಟು ಹೋದಾಗ ರೂಟರ್ ಉಳಿಯಲು ಮಿನಿ ಯುಪಿಎಸ್ ಎಂಬ ಪುಟ್ಟ ಬ್ಯಾಟರಿ ಪೆಟ್ಟಿಗೆ ಸಿಗುತ್ತದೆ. ಕೊಳ್ಳುವ ಮುನ್ನ ರೂಟರಿನ ಬೆನ್ನಿನ ಮೇಲೆ 9 ವೋಲ್ಟ್ ಎಂದಿದೆಯೋ 12 ಎಂದಿದೆಯೋ ನೋಡಿ. ಪಿನ್ನು ಒಂದೇ ಥರ ಇರುತ್ತದೆ. 9ರ ರೂಟರಿಗೆ 12 ಕೊಟ್ಟರೆ ಸುಟ್ಟುಹೋಗಬಹುದು.

ತಂತ್ರಾಂಶ ಎರಡು. ಕೊಲಿಬ್ರಿ ಎಂಬುದು ಇಂಟರ್ನೆಟ್ ಇಲ್ಲದ ಶಾಲೆಗಳಿಗೆಂದೇ ಮಾಡಿದ ಉಚಿತ ತಂತ್ರಾಂಶ. ವಿಡಿಯೊ, ಪಿಡಿಎಫ್, ಧ್ವನಿ, ಪ್ರಶ್ನೋತ್ತರ ಎಲ್ಲವನ್ನೂ ತರಗತಿವಾರು ಜೋಡಿಸಿಕೊಡುತ್ತದೆ, ಮಕ್ಕಳ ಪ್ರಗತಿಯನ್ನೂ ಬರೆದಿಡುತ್ತದೆ. ಇನ್ನೊಂದು ಕಿವಿಕ್ಸ್, ಇಡೀ ವಿಕಿಪೀಡಿಯವನ್ನು ಒಂದೇ ಫೈಲಾಗಿ ಓದಿಸುವಂಥದ್ದು. ಎರಡಕ್ಕೂ ಒಂದೇ ಪೋರ್ಟ್ ಸಂಖ್ಯೆ (ಕಂಪ್ಯೂಟರಿನೊಳಗೆ ಆಯಾ ತಂತ್ರಾಂಶವನ್ನು ತಲುಪುವ ಬಾಗಿಲಿನ ಸಂಖ್ಯೆ) ಇದ್ದರೆ ಎರಡನೆಯದು ಏಳುವುದಿಲ್ಲ. ಕೊಲಿಬ್ರಿಗೆ ಅದರ 8080 ಇರಲಿ, ಕಿವಿಕ್ಸ್‌ಗೆ 8081 ಕೊಡಿ. ವಿಂಡೋಸ್ ಆದರೆ ಹೊರಗಿನಿಂದ ಬರುವ ಸಂಪರ್ಕ ತಡೆಯುವ ಫೈರ್‌ವಾಲ್‌ನಲ್ಲಿ ಇವೆರಡಕ್ಕೂ ಅನುಮತಿ ಕೊಡಲೇಬೇಕು. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಾಣುವುದು ಫೋನಿನಲ್ಲಿ ತೆರೆಯುತ್ತಿಲ್ಲ ಎಂದರೆ ಮೊದಲು ನೋಡಬೇಕಾದ್ದು ಇದನ್ನೇ. ಮುಚ್ಚಳ ಮುಚ್ಚಿದರೆ ನಿದ್ದೆಗೆ ಹೋಗದಂತೆಯೂ ಸೆಟ್ಟಿಂಗ್ ಬದಲಿಸಿ.

ಇನ್ನು ಮಕ್ಕಳ ಫೋನಿನ ಕಡೆಯ ತೊಂದರೆ. ವೈಫೈಗೆ ಸೇರಿದ ಕೂಡಲೇ ಆಂಡ್ರಾಯ್ಡ್ ‘ಇಲ್ಲಿ ಇಂಟರ್ನೆಟ್ ಇಲ್ಲ, ಆದರೂ ಇರಬೇಕೇ’ ಎಂಬರ್ಥದಲ್ಲಿ ಕೇಳುತ್ತದೆ. ಮಗು ಬೇಡ ಒತ್ತಿದರೆ ಸಂಪರ್ಕ ಕಡಿದುಹೋಗುತ್ತದೆ. ಏನೂ ಒತ್ತದಿದ್ದರೆ ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಜಾರಿ ಪುಟ ತೆರೆಯುವುದಿಲ್ಲ. ಮೊದಲು ಮೊಬೈಲ್ ಡೇಟಾ ಬಂದ್ ಮಾಡಿ, ಆಮೇಲೆ ವೈಫೈಗೆ ಸೇರಿ, ‘ಹೌದು, ಮತ್ತೆ ಕೇಳಬೇಡ’ ಒತ್ತಿ ಎಂಬ ಮೂರು ಸಾಲನ್ನು ದೊಡ್ಡಕ್ಷರದಲ್ಲಿ ಬಾಗಿಲ ಬಳಿ ಅಂಟಿಸಬೇಕು. ವಿಳಾಸವನ್ನೂ ಒಂದು ಕ್ಯೂಆರ್ ಕೋಡ್ ಮಾಡಿ ಅದೇ ಹಾಳೆಯಲ್ಲಿ ಅಚ್ಚು ಹಾಕಿದರೆ ಟೈಪ್ ಮಾಡುವ ಕಷ್ಟವೂ ಇಲ್ಲ.

ಫೈಲುಗಳನ್ನು ಅಣಿ ಮಾಡುವುದೇ ನಿಜವಾದ ಶ್ರಮ. ಮೂಲ ಕಡತ ಸಿಕ್ಕ ಪಾಠಗಳನ್ನು ಹಾಗೆಯೇ ತುಂಬಿದರೆ ಡಿಸ್ಕ್ ಬೇಗ ಭರ್ತಿಯಾಗುತ್ತದೆ, ಹಳೆಯ ಫೋನ್‌ಗಳಲ್ಲಿ ಧ್ವನಿ ಮಾತ್ರ ಬಂದು ಚಿತ್ರ ಕಪ್ಪಾಗಿ ನಿಲ್ಲುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ 480ಪಿ ಅಳತೆಗೆ ಇಳಿಸಿ, ವಿಡಿಯೊ ಕುಗ್ಗಿಸುವ ಎಚ್.264 ರೂಪವನ್ನೇ ಆರಿಸಿ. ಹೊಸದಾದ ಎಚ್.265 ಚಿಕ್ಕ ಫೈಲ್ ಕೊಡುತ್ತದೆ ನಿಜ, ಅಗ್ಗದ ಫೋನ್‌ಗಳಿಗೆ ಅದು ಒಗ್ಗುವುದಿಲ್ಲ. ಚಿತ್ರಕ್ಕೆ ಸೆಕೆಂಡಿಗೆ 600 ಕಿಲೋಬಿಟ್, ಧ್ವನಿಗೆ 64 ಎಂದಿಟ್ಟರೆ ಹತ್ತು ನಿಮಿಷದ ಪಾಠ ಸುಮಾರು 50 ಎಂಬಿ ಆಗುತ್ತದೆ. ಇಪ್ಪತ್ತು ಮಕ್ಕಳು ಒಟ್ಟಿಗೆ ನೋಡಿದರೂ ಸೆಕೆಂಡಿಗೆ 13 ಮೆಗಾಬಿಟ್ ಆಸುಪಾಸು. ಒಂದೇ ಕೋಣೆಯೊಳಗೆ ಸಾಧಾರಣ ರೂಟರ್ ಇದನ್ನು ತಡೆದುಕೊಳ್ಳುತ್ತದೆ. ಕಪ್ಪುಹಲಗೆಯ ಅಕ್ಷರ ಓದಲಾಗದ ಕೆಲವು ಗಣಿತ ಪಾಠಗಳನ್ನು ಮಾತ್ರ 720ಪಿ ಇಡಿ.

ಫೆಟ್ ಪ್ರಯೋಗಗಳು ಒಂದೊಂದೂ ಕೆಲವೇ ಎಂಬಿಯ ಎಚ್‌ಟಿಎಂಎಲ್ (ವೆಬ್‌ಪುಟದ) ಫೈಲು. ಅದನ್ನು ಫೋನಿಗೆ ಹಾಕಿ ಫೈಲ್ ಮ್ಯಾನೇಜರಿನಿಂದ ತೆರೆದರೆ ಬಹಳ ಸಲ ಬಿಳಿ ಪರದೆ ಬರುತ್ತದೆ, ಕೊಲಿಬ್ರಿಯ ಮೂಲಕ ಕೊಟ್ಟರೆ ಸರಿಯಾಗಿ ಓಡುತ್ತದೆ. ಕೊಲಿಬ್ರಿಗೆ ಸೇರಿಸುವಾಗ ಫೈಲಿನ ಹೆಸರನ್ನು ‘ಇಂಡೆಕ್ಸ್.ಎಚ್‌ಟಿಎಂಎಲ್’ ಎಂದು ಬದಲಿಸಿ (ಇಂಗ್ಲಿಷ್ ಸಣ್ಣಕ್ಷರದಲ್ಲಿ), ಯಾವ ಫೋಲ್ಡರಿನೊಳಗೂ ಇಡದೆ ನೇರವಾಗಿ ಜಿಪ್ ಮಾಡಬೇಕು. ಫೋಲ್ಡರ್ ಸಮೇತ ಜಿಪ್ ಮಾಡಿದರೆ ಏನೂ ಕಾಣುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಪ್ರಶ್ನೆಪತ್ರಿಕೆಗಳ ಕಥೆ ಗೊತ್ತಿದ್ದದ್ದೇ: ವರ್ಡ್ ಫೈಲನ್ನು ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ. ಪಿಡಿಎಫ್ ಮಾಡಿದರೆ ಕಾಣುತ್ತದೆ, ಆದರೆ ಒಂದು ಪದವನ್ನು ಹುಡುಕಲಾಗದು, ಫೋನಿನ ಓದುವ ಧ್ವನಿಗೂ ಅದು ದಕ್ಕದು. ದೃಷ್ಟಿದೋಷವಿರುವ ಮಗುವಿಗೆ ಆ ಫೈಲ್ ಇದ್ದರೂ ಇಲ್ಲದಂತೆ. ಎಲ್ಲ ಫೋನು, ಕಂಪ್ಯೂಟರುಗಳೂ ಓದುವ ಯುನಿಕೋಡ್ ಅಕ್ಷರಕ್ಕೆ ಪರಿವರ್ತಿಸಿಯೇ ಹಾಕಬೇಕು. ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದುವುದು ಅನಿವಾರ್ಯ.

ಇಷ್ಟೆಲ್ಲ ಜೋಡಿಸಿ ‘ವಿಡಿಯೊ ನೋಡಿಕೊಂಡು ಬನ್ನಿ’ ಎಂದರೆ ಮಕ್ಕಳು ನೋಡುವುದಿಲ್ಲ, ಅವರ ತಪ್ಪೂ ಅಲ್ಲ. ನೋಟ್‌ಬುಕ್ಕಿನಲ್ಲಿ ಏನಾದರೂ ಮೂಡಬೇಕು. ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಅಧ್ಯಾಯವನ್ನೇ ತೆಗೆದುಕೊಳ್ಳಿ. ಫೆಟ್‌ನ ಮಂಡಲ ಜೋಡಿಸುವ ಪ್ರಯೋಗದಲ್ಲಿ 9 ವೋಲ್ಟ್ ಬ್ಯಾಟರಿಗೆ 10 ಓಮ್‌ನ ಒಂದು ರೋಧಕ, ಆಮೇಲೆ ಎರಡು ರೋಧಕ ಸರಣಿಯಲ್ಲಿ, ಆಮೇಲೆ ಎರಡು ಸಮಾಂತರವಾಗಿ. ಮೂರು ಸಲವೂ ಜೋಡಿಸುವ ಮುಂಚೆಯೇ ಬ್ಯಾಟರಿಯಿಂದ ಹೊರಡುವ ಪ್ರವಾಹ ಎಷ್ಟಿರಬಹುದೆಂದು ಪೆನ್ನಿನಲ್ಲಿ ಬರೆದುಕೊಳ್ಳಬೇಕು. ನಂತರ ಅಮ್ಮೀಟರ್ ನೋಡಿ ಪಕ್ಕದಲ್ಲಿ ಬರೆಯಬೇಕು: 0.9, 0.45, 1.8 ಆಂಪಿಯರ್. ಎರಡು ರೋಧಕ ಹಾಕಿದರೂ ಪ್ರವಾಹ ಹೇಗೆ ಹೆಚ್ಚಾಯಿತು ಎಂದು ಮೂರನೆಯದರಲ್ಲಿ ತಲೆ ಕೆರೆದುಕೊಳ್ಳುವ ಮಕ್ಕಳೇ ಬಹಳ. ಅಮ್ಮೀಟರನ್ನು ರೋಧಕಕ್ಕೆ ಸಮಾಂತರವಾಗಿ ಇಟ್ಟವರ ಪರದೆಯಲ್ಲಿ ಬೆಂಕಿ ಏಳುತ್ತದೆ. ಲ್ಯಾಬಿನಲ್ಲಾಗಿದ್ದರೆ ಮೀಟರೇ ಹೋಗಿ, ಹೊಸದಕ್ಕೆ ಇಂಡೆಂಟ್ (ಬೇಡಿಕೆ ಪತ್ರ) ಬರೆಯುತ್ತ ಕೂರಬೇಕಿತ್ತು! ಯಾಕೆ ಬೆಂಕಿ ಎಂಬ ಪ್ರಶ್ನೆಯೊಂದಿಗೆ ಮರುದಿನದ ಪಾಠ ತಾನಾಗಿಯೇ ಶುರುವಾಗುತ್ತದೆ. ಇದಕ್ಕೆ ಮಗುವಿಗೆ ಬೇಕಾದ್ದು ಇಪ್ಪತ್ತು ನಿಮಿಷ, ಶಿಕ್ಷಕರಿಗೆ ಬೆಳಿಗ್ಗೆ ಐದು ನಿಮಿಷ. ಒಂದು ವಿಷಯಕ್ಕೆ ವಾರಕ್ಕೊಂದು ಇಂಥ ಕೆಲಸ ಸಾಕು. ದಿನಕ್ಕೊಂದು ಕೊಟ್ಟರೆ ಮೂರನೇ ವಾರಕ್ಕೆ ಒಬ್ಬರದನ್ನು ನೋಡಿ ಉಳಿದವರು ಇಳಿಸಿಕೊಂಡಿರುತ್ತಾರೆ.

ಅರಿವು ಕೇಂದ್ರಕ್ಕೆ ಬರಲಾಗದವರ ಮಾತೂ ಇದೆ. ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ಊರ ಇನ್ನೊಂದು ತುದಿಗೆ ಕಳಿಸಲು ಮನೆಯವರು ಒಪ್ಪುವುದು ಕಷ್ಟ, ಒಪ್ಪಿ ಎಂದು ಉಪದೇಶಿಸುವುದೂ ಸುಲಭವಲ್ಲ. ಸಂಜೆ 5ರಿಂದ 6ರ ಒಂದು ಗಂಟೆಯನ್ನು ಅವರಿಗೇ ಮೀಸಲಿಡಬಹುದು, ಅಂದಿನ ಪಾಠವನ್ನು ಫೋನಿಗೇ ಚುಚ್ಚಬಹುದಾದ ಒಟಿಜಿ ಪೆನ್‌ಡ್ರೈವ್‌ನಿಂದ ಮನೆಯ ಫೋನಿಗೆ ಹಾಕಿ ಕಳಿಸಬಹುದು. ಕೀಪ್ಯಾಡ್ ಫೋನ್ ಮಾತ್ರ ಇರುವ ಮನೆಗಳನ್ನೂ ಬಿಡಬೇಕಿಲ್ಲ. ಇತಿಹಾಸ, ಭಾಷೆಯ ಪಾಠಗಳನ್ನು ಸೆಕೆಂಡಿಗೆ 32 ಕಿಲೋಬಿಟ್‌ನ ಎಂಪಿ3 ಮಾಡಿದರೆ ಹತ್ತು ನಿಮಿಷಕ್ಕೆ ಎರಡೂವರೆ ಎಂಬಿಯೂ ಆಗುವುದಿಲ್ಲ. ಹಾಡು ಕೇಳುವ ಯಾವ ಫೋನಿನಲ್ಲೂ ಕೇಳಬಹುದು. ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶವನ್ನೇ ನಕಲು ಮಾಡಿದರೆ ಈ ಫೋನ್‌ಗಳಲ್ಲಿ ಅದು ಕೇಳಿಸದು, ಎಂಪಿ3ಗೆ ಬದಲಿಸಲೇಬೇಕು. ಮೆಮೊರಿ ಕಾರ್ಡ್ 32 ಜಿಬಿ ಮೀರದಿರಲಿ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ‘128 ಜಿಬಿ’ ಕಾರ್ಡುಗಳಲ್ಲಿ ಒಳಗೆ ಎಂಟೇ ಇರುವ ನಕಲಿಗಳು ಬಹಳ. ತುಂಬಿಸುವಾಗ ತುಂಬಿದಂತೆ ಕಂಡು, ತೆರೆದಾಗ ಫೈಲ್ ಇರುವುದಿಲ್ಲ.

ಕೊಲಿಬ್ರಿಯಲ್ಲಿ ಖಾತೆ ತೆರೆಯುವಾಗ ಮಕ್ಕಳ ಪೂರ್ಣ ಹೆಸರು, ಆಧಾರ್, ಪೋಷಕರ ಫೋನ್ ಸಂಖ್ಯೆ ಯಾವುದೂ ಬೇಡ. ತರಗತಿ ಮತ್ತು ಹಾಜರಿ ಸಂಖ್ಯೆ ಸೇರಿಸಿದ ಒಂದು ಗುರುತು ಸಾಕು. ಅಲ್ಲಿನ ಅಂಕಿಅಂಶ ಶಿಕ್ಷಕರು ನೋಡಿಕೊಳ್ಳಲಿಕ್ಕೆ; ತಿಂಗಳ ಕೊನೆಗೆ ತಾಲ್ಲೂಕಿಗೆ ಕಳಿಸುವ ಇನ್ನೊಂದು ನಮೂನೆ ಅದಾದರೆ, ಲಾಗಿನ್ ಮಾಡಿಟ್ಟು ಎದ್ದುಹೋಗುವ ಚಾಳಿ ಶುರುವಾಗುತ್ತದೆ.

ಶಾಲಾ ಶಿಕ್ಷಣ ಇಲಾಖೆಯಿಂದ ನಾವು ಕೇಳುವುದು ಹಣಕ್ಕಿಂತ ಹೆಚ್ಚಾಗಿ ಫೈಲುಗಳನ್ನು. ದೀಕ್ಷಾದಲ್ಲಿ ಇಳಿಸಿಕೊಂಡ ಪಾಠ ಆ ಆ್ಯಪ್‌ನೊಳಗೇ ಉಳಿಯುತ್ತದೆ, ಯೂಟ್ಯೂಬ್‌ನದು ಯೂಟ್ಯೂಬ್‌ನಲ್ಲೇ. ಸರ್ಕಾರದ ಹಣದಲ್ಲಿ ತಯಾರಾದ 8, 9, 10ನೇ ತರಗತಿಯ ಕನ್ನಡ ಮಾಧ್ಯಮದ ಎಲ್ಲ ಪಾಠಗಳನ್ನೂ 480ಪಿ ಎಂಪಿ4 ರೂಪದಲ್ಲಿ, ಅಧ್ಯಾಯದ ಸಂಖ್ಯೆಯನ್ನೇ ಹೆಸರಾಗಿಟ್ಟು, ಮರುಬಳಕೆಗೆ ಲಿಖಿತ ಅನುಮತಿಯೊಂದಿಗೆ ಒಂದು ಹಾರ್ಡ್‌ಡಿಸ್ಕ್‌ನಲ್ಲಿ ತಾಲ್ಲೂಕು ಮಟ್ಟದ ಪ್ರತಿ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ತಲುಪಿಸಲಿ. ಅಲ್ಲಿಂದ ಸಿಆರ್‌ಪಿಗಳು (ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗಳು) ಪೆನ್‌ಡ್ರೈವ್‌ನಲ್ಲಿ ಒಯ್ಯುತ್ತಾರೆ. ಪಠ್ಯ ಪರಿಷ್ಕರಣೆಯಾದ ವರ್ಷ ಯಾವ ಪಾಠ ಹೋಯಿತು, ಯಾವುದು ಸೇರಿತು ಎಂಬ ಒಂದು ಪುಟದ ಪಟ್ಟಿಯೂ ಜೊತೆಗಿರಲಿ, ಇಲ್ಲದಿದ್ದರೆ ಮಗು ಪುಸ್ತಕದಲ್ಲಿಲ್ಲದ ಪಾಠ ನೋಡಿಕೊಂಡು ಕೂತಿರುತ್ತದೆ. ಪಂಚಾಯಿತಿ ಮಾಡಬೇಕಾದ್ದು ರೂಟರ್, ಯುಪಿಎಸ್‌ಗೆ ಮೂರು ಸಾವಿರ ರೂಪಾಯಿಯಷ್ಟು ಮಂಜೂರು ಮಾಡಿ, ಲ್ಯಾಪ್‌ಟಾಪ್ ಇಡಲು ಗಾಳಿಯಾಡುವ, ಬೀಗ ಹಾಕಬಹುದಾದ ಒಂದು ಕಪಾಟು ಕೊಡುವುದು. ಶಾಲೆಗಳು ಮೇ ಕೊನೆಗೆ ತೆರೆಯುವುದರಿಂದ ಇಲಾಖೆಯ ಡಿಸ್ಕ್ ಏಪ್ರಿಲ್‌ನಲ್ಲೇ ತಾಲ್ಲೂಕಿಗೆ ಬರಬೇಕು. ಜುಲೈನಲ್ಲಿ ಬಂದರೆ ಅಷ್ಟರಲ್ಲಿ ಮೊದಲ ಕಿರುಪರೀಕ್ಷೆಯ ಅಧ್ಯಾಯಗಳು ಮುಗಿದಿರುತ್ತವೆ.

– ಇಬ್ಬರು ಪ್ರೌಢಶಾಲಾ ಶಿಕ್ಷಕರು (ಗಣಿತ, ವಿಜ್ಞಾನ), ಚಿತ್ರದುರ್ಗ ಜಿಲ್ಲೆ