ನನ್ನ ಕೇಸಲ್ಲಿ ನೆಲ ನಿಜವಾಗ್ಲೂ ಡೊಂಕಿತ್ತು

ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರದ ಪುರವಣೀಲಿ ಹವ್ಯಾಸಗಳ ಬಗ್ಗೆ ಬಂದಿದ್ದ ಬರಹ ಓದಿದೆ. ಚೆನ್ನಾಗೇ ಇತ್ತು, ಆದ್ರೆ ಸಂಗೀತದ ವಿಷಯಕ್ಕೆ ಬಂದಾಗ ಬರೆದವರು "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂತ ಗಾದೆ ಒಂದು ಎಸೆದು, ನಲವತ್ತು ದಾಟಿದವರ ಬೆರಳು ಗಿಟಾರಿಗೆಲ್ಲ ಬಗ್ಗಲ್ಲ, ಅವ್ರು ಕೇಳ್ಕೊಂಡು ಖುಷಿಯಾಗಿರ್ಲಿ ಅನ್ನೋ ಥರ ಮುಗಿಸಿಬಿಟ್ಟಿದ್ದಾರೆ. ನಂಗೀಗ 47. ಗಿಟಾರ್ ಹಿಡಿದಿದ್ದು 45ಕ್ಕೆ. ಆ ಒಂದು ಸಾಲನ್ನ ಹೆಚ್ಚುಕಮ್ಮಿ ಎಂಟು ತಿಂಗಳು ನಾನೇ ನಂಬ್ಕೊಂಡು ಕೂತಿದ್ದೆ, ಅದಕ್ಕೇ ಈ ಪತ್ರ. ಉದ್ದ ಆಗುತ್ತೆ, ಬೇಕಾದ್ರೆ ಕತ್ತರಿಸ್ಕೊಳ್ಳಿ, ಆದ್ರೆ ಮಧ್ಯದಲ್ಲಿ ನಟ್ ಬಗ್ಗೆ ಬರೆದಿರೋದನ್ನ ಮಾತ್ರ ದಯವಿಟ್ಟು ಕತ್ತರಿಸ್ಬೇಡಿ.

ಶುರು ಮಾಡಿದ ಮೊದಲ ವಾರ ಎಲ್ಲರಿಗೂ ಆಗೋದೇ ನಂಗೂ ಆಯ್ತು. ಎಡಗೈ ಬೆರಳ ತುದಿ ಸುಟ್ಟಂಗೆ ಉರಿಯೋದು, ಫೋನ್ ಸ್ಕ್ರೀನ್ ಮುಟ್ಟಿದ್ರೂ ಚುರ್ ಅನ್ನೋದು. ಉಕ್ಕಿನ ತಂತಿ ಆರೂ ಸೇರಿ ಗಿಟಾರಿನ ಕುತ್ತಿಗೆ ಮೇಲೆ ಹಾಕೋ ಎಳೆತ ಸುಮಾರು 70 ಕೆಜಿ ಆಸುಪಾಸು ಇರುತ್ತಂತೆ, ಅಂಥ ತಂತಿ ಮೇಲೆ ಕಂಪ್ಯೂಟರ್ ಕೀಲಿ ಒತ್ತಿ ಅಭ್ಯಾಸ ಇರೋ ಬೆರಳು ಇಟ್ರೆ ಉರೀದೆ ಇನ್ನೇನಾಗುತ್ತೆ. ಅದು ಮೂರು ನಾಲ್ಕು ವಾರದಲ್ಲಿ ತಾನಾಗೇ ಹೋಯ್ತು, ಬೆರಳ ತುದಿ ಜಡ್ಡುಗಟ್ತು. (ಮಣಿಕಟ್ಟಲ್ಲೋ ಹೆಬ್ಬೆರಳ ಬುಡದಲ್ಲೋ ನೋವು ಬಂದ್ರೆ ಮಾತ್ರ ಅವತ್ತಿಗೆ ಗಿಟಾರ್ ಕೆಳಗಿಡಿ, ಆ ನೋವೇ ಬೇರೆ, ಅದನ್ನ ಸಹಿಸ್ಕೊಂಡು ಹೋಗೋದು ಶೂರತನ ಅಲ್ಲ.) ಇ ಮೈನರ್ ಅನ್ನೋ ಕಾರ್ಡ್ (ಅಂದ್ರೆ ಕೆಲವು ಸ್ವರ ಒಟ್ಟಿಗೆ ನುಡಿಸೋದು) ಬಂತು, ಅದಕ್ಕೆ ಎರಡೇ ಬೆರಳು ಸಾಕು. ಆಮೇಲೆ ಜಿ, ಡಿ. ಸಿ ಸ್ವಲ್ಪ ಸತಾಯಿಸ್ತು. ಬರ್ತಿದೆ ಅನ್ನಿಸ್ತಿತ್ತು. ಆಮೇಲೆ ಎಫ್ ಬಂತು. ಬಂತು ಅಂದ್ರೆ ಪಾಠದಲ್ಲಿ ಬಂತು, ಕೈಗೆ ಬರ್ಲಿಲ್ಲ.

ಗಿಟಾರ್ ಗೊತ್ತಿಲ್ಲದವರಿಗೆ ಹೇಳ್ಬೇಕು ಅಂದ್ರೆ, ಎಫ್ ಅನ್ನೋದು ಬಾರೆ ಕಾರ್ಡ್. ತೋರುಬೆರಳನ್ನ ಉದ್ದಕ್ಕೆ ಮಲಗಿಸಿ ಮೊದಲನೇ ಫ್ರೆಟ್ಟಲ್ಲಿ (ಕುತ್ತಿಗೆ ಮೇಲೆ ಅಡ್ಡಡ್ಡ ಇರೋ ಲೋಹದ ಪಟ್ಟಿಗಳೇ ಫ್ರೆಟ್ಟು) ಆರೂ ತಂತಿ ಮೇಲೆ ಅಡ್ಡಡ್ಡ ಒತ್ಬೇಕು, ಉಳಿದ ಮೂರು ಬೆರಳು ಅದರ ಮುಂದೆ ಬೇರೆ ಬೇರೆ ಜಾಗದಲ್ಲಿ. ನಾನು ಒತ್ತಿದ್ರೆ ಆರರಲ್ಲಿ ಎರಡು ತಂತಿ ನುಡಿಯೋದು, ಉಳಿದಿದ್ದೆಲ್ಲ ಒದ್ದೆ ಗೋಣಿಚೀಲಕ್ಕೆ ಹೊಡೆದಂಗೆ ಧಪ್ ಧಪ್. ದಿನಾ ರಾತ್ರಿ ಎಲ್ರೂ ಮಲಗಿದ ಮೇಲೆ ಇಪ್ಪತ್ತು ನಿಮಿಷ, ಒಂದ್ ತಿಂಗಳು, ಎರಡ್ ತಿಂಗಳು, ಐದ್ ತಿಂಗಳು. ನಮ್ಮ ಮೇಷ್ಟ್ರು ಒಳ್ಳೆ ಮನುಷ್ಯ, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಪಾಪ ನನ್ನ ಕಷ್ಟ ನೋಡಲಾರದೆ "ಸಾರ್, ಈ ವಯಸ್ಸಿಗೆ ಸ್ವಲ್ಪ ಟೈಮ್ ಹಿಡಿಯುತ್ತೆ, ಬೆರಳು ಸೆಟ್ ಆಗಿಬಿಟ್ಟಿರುತ್ತೆ" ಅನ್ನೋರು. ನಾನೂ ಹೂಂ ಅಂತಿದ್ದೆ. ಮನೆಯವಳು "ಬಿಡಿ ಅತ್ಲಾಗೆ, ಆ ಒಂದು ಬಿಟ್ಟು ಬೇರೆ ನುಡಿಸಿ" ಅನ್ನೋಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆ ಚಿಕ್ಕಂದಿನಿಂದ ಕೇಳಿ ಕೇಳಿ ನಮ್ಮಂಥವರಿಗೆ ಒಂದು ಅಭ್ಯಾಸ ಆಗಿಬಿಟ್ಟಿರುತ್ತೆ ನೋಡಿ, ವಾದ್ಯದ ಮೇಲೆ ತಪ್ಪು ಹಾಕೋದು ಅಂದ್ರೆ ನಾಚಿಕೆ. ಹಂಗಾಗಿ ಗಿಟಾರ್ ಕಡೆ ಒಂದ್ಸಲಾನೂ ಅನುಮಾನದಿಂದ ನೋಡ್ಲಿಲ್ಲ.

ಆಮೇಲೆ ಒಂದಿನ ಕ್ಲಾಸಲ್ಲಿ ನನ್ನ ಪಕ್ಕ ಕೂರೋ ಹುಡುಗ, ಹನ್ನೆರಡೋ ಹದಿಮೂರೋ ವರ್ಷ, ಎಫ್ ಎಲ್ಲ ನೀರು ಕುಡಿದಂಗೆ ಹಿಡಿಯೋನು, ಅವನ ಗಿಟಾರಿನ ತಂತಿ ಕಿತ್ತೋಯ್ತು ಅಂತ ನಂದು ಇಸ್ಕೊಂಡ. ಎಫ್ ಹಿಡಿದ. ಧಪ್. ಇನ್ನೊಂದ್ಸಲ ಹಿಡಿದ, ಮತ್ತೆ ಧಪ್. "ಅಂಕಲ್, ಇದೇನಿದು ಇಷ್ಟು ಗಟ್ಟಿ ಇದೆ" ಅಂದ. ಸಂಪಾದಕರೇ, ಆ ಒಂದು ಮಾತು ಕೇಳಿ ನಂಗೆ ಆದ ಸಂತೋಷ ಹೇಳಕ್ಕಾಗಲ್ಲ, ಒಬ್ಬ ಚಿಕ್ಕ ಹುಡುಗನ ಕೈಲಿ ಆಗ್ಲಿಲ್ಲ ಅಂತ ಅಷ್ಟು ಖುಷಿ ಪಟ್ಟಿದ್ದಕ್ಕೆ ಆಮೇಲೆ ಸ್ವಲ್ಪ ನಾಚಿಕೇನೂ ಆಯ್ತು. ಮೇಷ್ಟ್ರ ಗಿಟಾರ್ ಇಸ್ಕೊಂಡು ನಾನೇ ಹಿಡಿದೆ, ಆರರಲ್ಲಿ ನಾಲ್ಕು ತಂತಿ ಕೇಳಿಸ್ತು. ಮೊದಲನೇ ಏಟಿಗೇ. ಸೆಟ್ ಆಗಿಬಿಟ್ಟಿರೋ ಅದೇ ಬೆರಳು.

ಗಿಟಾರ್ ರಿಪೇರಿ ಮಾಡೋರೊಬ್ಬರ ಹತ್ರ ತಗೊಂಡೋದೆ. ಅವ್ರು ಟ್ಯೂನ್ ಕೂಡ ಮಾಡ್ಲಿಲ್ಲ, ತಂತೀನ ಮೂರನೇ ಫ್ರೆಟ್ಟಲ್ಲಿ ಒತ್ತಿ ಹಿಡಿದು, ಮೊದಲನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್ಟಿಗೂ ಮಧ್ಯೆ ಎಷ್ಟು ಸಂದು ಇದೆ ಅಂತ ನನಗೇ ನೋಡಕ್ಕೆ ಹೇಳಿದ್ರು. ಅಲ್ಲಿ ಒಂದು ಕೂದಲೆಳೆ, ಹೆಚ್ಚಂದ್ರೆ ತೆಳ್ಳನೆ ಕಾಗದದಷ್ಟು ಜಾಗ ಇರ್ಬೇಕಂತೆ. ನನ್ನದರಲ್ಲಿ ಅವ್ರ ವಿಸಿಟಿಂಗ್ ಕಾರ್ಡ್ ಆರಾಮಾಗಿ ತೂರ್ತಿತ್ತು. (ಕಾರ್ಡ್ ಕಲಿಯಕ್ಕೆ ಹೋಗಿ ಕಾರ್ಡ್ ತೂರಿಸ್ಕೊಂಡು ಬಂದೆ ಅಂತ ಮನೇಲಿ ಈಗ್ಲೂ ನಗ್ತಾರೆ.) ಕಾರಣ ಏನಪ್ಪಾ ಅಂದ್ರೆ ನಟ್. ನಟ್ಟು ಬೋಲ್ಟಿನ ನಟ್ಟಲ್ಲ, ಗಿಟಾರಿನ ತಲೆ ಮತ್ತೆ ಕುತ್ತಿಗೆ ಸೇರೋ ಜಾಗದಲ್ಲಿ ಬಿಳಿ ಪಟ್ಟಿ ಇರುತ್ತಲ್ಲ, ಮೂಳೇದೋ ಪ್ಲಾಸ್ಟಿಕ್ಕಿಂದೋ, ಆರು ಗೀರು ಇರೋದು, ಅದು. ಆ ಗೀರು ಎಷ್ಟು ಆಳ ಇರ್ಬೇಕೋ ಅಷ್ಟು ಕೊರೆದಿಲ್ಲ ಅಂದ್ರೆ ತಂತಿ ಮೇಲೇ ನಿಲ್ಲುತ್ತೆ. ಹಂಗಾದಾಗ ಅತಿ ಹೆಚ್ಚು ಒದ್ದಾಟ ಎಲ್ಲಿ ಅಂದ್ರೆ ನಟ್ಟಿಗೆ ಅಂಟ್ಕೊಂಡಿರೋ ಮೊದಲನೇ ಫ್ರೆಟ್ಟಲ್ಲಿ. ಎಫ್ ಇರೋದು ಸರಿಯಾಗಿ ಅಲ್ಲೇ! ಕಡಿಮೆ ಬೆಲೆಯ ಗಿಟಾರ್ಗಳಲ್ಲಿ ಗೀರು ಮೇಲ್ಮೇಲೆ ಕೊರೆದು ಬಿಟ್ಟಿರ್ತಾರಂತೆ, ಯಾಕಂದ್ರೆ ಜಾಸ್ತಿ ಕೊರೆದ್ರೆ ತಂತಿ ಫ್ರೆಟ್ಟಿಗೆ ತಾಗಿ ಜುಂಯ್ ಅಂತ ಬಜ್ ಬರುತ್ತೆ, ಅಂಗಡೀಲಿ ಹಂಗೆ ಬಜ್ ಬಂದ್ರೆ ಯಾರೂ ತಗೊಳ್ಳಲ್ಲ. ಗಟ್ಟಿ ಇದ್ರೆ ಹೊಸಬ ತನ್ನ ಬೆರಳೇ ಸರಿ ಇಲ್ಲ ಅಂದ್ಕೋತಾನೆ. ನನ್ನ ಹಂಗೆ.

ಮನೇಲೇ ಪತ್ತೆ ಮಾಡಕ್ಕೆ ಇನ್ನೂ ಎರಡು ದಾರಿ ಹೇಳಿಕೊಟ್ರು, ಅದನ್ನ ಇಲ್ಲಿ ಬರೀಲೇಬೇಕು. ಕ್ಯಾಪೊ ಅಂತ ಒಂದು ಕ್ಲಿಪ್ ಬರುತ್ತಲ್ಲ, ಅದನ್ನ ಒಂದನೇ ಅಥವಾ ಎರಡನೇ ಫ್ರೆಟ್ಟಿಗೆ ಹಾಕಿ, ಅದರ ಮುಂದಿನ ಫ್ರೆಟ್ಟಲ್ಲಿ ಅದೇ ಎಫ್ ಆಕಾರ ಹಿಡೀರಿ. ಕ್ಯಾಪೊ ಹಾಕಿದ ತಕ್ಷಣ ನಟ್ಟಿನ ಎತ್ತರದ ಲೆಕ್ಕವೇ ಇರಲ್ಲ, ಹಂಗಾಗಿ ಇದ್ದಕ್ಕಿದ್ದಂಗೆ ಸಲೀಸಾದ್ರೆ ಕಳ್ಳ ನಟ್ಟೇ. ಇನ್ನೊಂದು, ಶ್ರುತಿ ತೋರಿಸೋ ಟ್ಯೂನರ್ ಹಿಡ್ಕೊಂಡು, ಎಲ್ಲೂ ಒತ್ತದೆ ಬಿಟ್ಟ ತಂತೀನ ಕರೆಕ್ಟಾಗಿ ಶ್ರುತಿ ಮಾಡಿ, ಆಮೇಲೆ ಮೊದಲನೇ ಫ್ರೆಟ್ಟಲ್ಲಿ ಒತ್ತಿ ನೋಡಿ. ತಂತಿ ಜಾಸ್ತಿ ಕೆಳಗೆ ಬರ್ಬೇಕಾದ್ರೆ ಜಾಸ್ತಿ ಹಿಗ್ಗುತ್ತೆ, ಹಿಗ್ಗಿದ್ರೆ ಸ್ವರ ಇರ್ಬೇಕಾದ್ದಕ್ಕಿಂತ ಏರುತ್ತೆ, ಟ್ಯೂನರ್ ಮುಳ್ಳು ಬಲಕ್ಕೆ ಓಡುತ್ತೆ. ನಂದು ಓಡ್ತಿತ್ತು. ಎಂಟು ತಿಂಗಳು ನನ್ನ ಕಿವೀನೇ ಸರಿ ಇಲ್ಲ, ಸಿ ಕಾರ್ಡ್ ಯಾಕೋ ಹುಳಿ ಹುಳಿ ಕೇಳಿಸುತ್ತಲ್ಲ ಅಂದ್ಕೊಂಡಿದ್ದೆ, ಸಿ ಕಾರ್ಡಲ್ಲೂ ಒಂದು ಬೆರಳು ಮೊದಲನೇ ಫ್ರೆಟ್ಟಲ್ಲೇ ಇರೋದು! ಕಿವಿ ಸರಿಯಾಗೇ ಇತ್ತು.

ನಟ್ ಗೀರನ್ನ ಸಣ್ಣ ಅರದಲ್ಲಿ ಉಜ್ಜೋದಕ್ಕೆ ಅವ್ರಿಗೆ ಅರ್ಧ ಗಂಟೆ ಹಿಡೀತು. ಉಜ್ಜೋದು, ತಂತಿ ಕೂರಿಸೋದು, ಕಣ್ಣು ಹತ್ರ ತಂದು ನೋಡೋದು, ಮತ್ತೆ ಒಂದೇ ಒಂದು ಎಳೆತ. ಆತುರಪಟ್ಟು ನೀವೇ ಮನೇಲಿ ಉಜ್ಜಕ್ಕೆ ಹೋಗ್ಬೇಡಿ, ಒಂದ್ ಎಳೆ ಜಾಸ್ತಿ ಆದ್ರೂ ಹೊಸ ನಟ್ಟೇ ಹಾಕಿಸ್ಬೇಕು. ಜೊತೆಗೆ ಹನ್ನೆರಡನೇ ಫ್ರೆಟ್ ಹತ್ರ ದಪ್ಪ ತಂತಿಯ ಎತ್ತರ ಅಳೆದ್ರು, 4 ಮಿಲಿಮೀಟರ್ ಇತ್ತು, ಸ್ಯಾಡಲ್ಲಿನ (ಗಿಟಾರಿನ ಮೈ ಕಡೆ ತಂತಿ ಕೂರೋ ಪಟ್ಟಿ) ಬುಡ ಉಜ್ಜಿ 2.5ಕ್ಕೆ ಇಳಿಸಿದ್ರು. ತಂತೀನೂ ಬದಲಾಯಿಸಿದ್ರು, 12ರ ಸೆಟ್ ತೆಗೆದು 10ರ ಸೆಟ್. ಈ ನಂಬರ್ ಅತಿ ಸಣ್ಣ ತಂತಿಯ ದಪ್ಪ, ಇಂಚಿನ ಸಾವಿರದಲ್ಲಿ ಎಷ್ಟು ಭಾಗ ಅಂತ. ಕೇಳಕ್ಕೆ ಎರಡೇ ನಂಬರ್ ವ್ಯತ್ಯಾಸ, ಬೆರಳಿಗೆ ಗೊತ್ತಾಗುತ್ತೆ ಅದು ಎಷ್ಟು ಅಂತ. ದನಿ ಸ್ವಲ್ಪ ತೆಳುವಾಗುತ್ತೆ, ಆಗ್ಲಿ ಬಿಡಿ, ನಾನೇನು ಸಭೇಲಿ ನುಡಿಸ್ಬೇಕಾ.

ಈಗ ನಿಮ್ಮ ಬರಹದ "ಬೆರಳು ಬಗ್ಗಲ್ಲ" ಅನ್ನೋ ಮಾತಿಗೆ ಬರ್ತೀನಿ. ಟೋನಿ ಐಯೋಮಿ ಅಂತ ಇಂಗ್ಲೆಂಡಿನ ಗಿಟಾರಿಸ್ಟು, ಬ್ಲಾಕ್ ಸಬಾತ್ ಬ್ಯಾಂಡಿನವರು. ಹದಿನೇಳನೇ ವಯಸ್ಸಲ್ಲಿ ಫ್ಯಾಕ್ಟರಿ ಮಿಷನ್ನಿಗೆ ಕೈ ಸಿಕ್ಕಿ ಎರಡು ಬೆರಳ ತುದಿ ಹೋಯ್ತು, ಅದೂ ತಂತಿ ಒತ್ತೋ ಕೈಯಿಂದೇ. ಫ್ಯಾಕ್ಟರಿ ಮ್ಯಾನೇಜರ್ ಅವರಿಗೆ ಜ್ಯಾಂಗೋ ರೈನ್‌ಹಾರ್ಟ್ ಅವರ ರೆಕಾರ್ಡ್ ಕೇಳಿಸಿದ್ರಂತೆ. ಜ್ಯಾಂಗೋ 1928ರಲ್ಲಿ ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ಹೆಚ್ಚುಕಮ್ಮಿ ಕೆಲಸಕ್ಕೆ ಬಾರದಂಗೆ ಆಗಿ, ಉಳಿದ ಎರಡು ಬೆರಳಲ್ಲೇ ಓಡಾಡಿಸಿ ಜಾಝ್ ಲೋಕವನ್ನೇ ಬೆರಗುಗೊಳಿಸಿದ ಮನುಷ್ಯ. ಅವರಿಬ್ಬರ ಪ್ರತಿಭೆ ನಮಗೆಲ್ಲಿಂದ ಬರ್ಬೇಕು, ಆ ಹೋಲಿಕೆ ಬೇಡ. ನಾನು ಹೇಳ್ತಿರೋದು ಐಯೋಮಿ ಆಮೇಲೆ ಏನ್ ಮಾಡಿದ್ರು ಅನ್ನೋದನ್ನ. ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡ್ರು, ದಪ್ಪ ತಂತಿ ಕಿತ್ತು ಬ್ಯಾಂಜೋ ತಂತಿ ಥರದ ತೆಳ್ಳನೆ ತಂತಿ ಹಾಕಿದ್ರು, ಮುಂದೆ ಶ್ರುತೀನೂ ಇಳಿಸಿ ತಂತಿ ಸಡಿಲ ಮಾಡ್ಕೊಂಡ್ರು. ಬೆರಳು ಬಗ್ಗಲ್ವಾ, ಗಿಟಾರನ್ನೇ ಬಗ್ಗಿಸಿದ್ರು. ಇದರಲ್ಲಿ ನಾಚಿಕೆ ಏನು ಬಂತು?

ವಯಸ್ಸಿಂದ ಏನೂ ವ್ಯತ್ಯಾಸ ಆಗಲ್ಲ ಅಂತ ನಾನು ಸುಳ್ಳು ಹೇಳಲ್ಲ. ಪಕ್ಕದ ಹುಡುಗ ಒಂದು ವಾರದಲ್ಲಿ ಕಲಿಯೋದು ನಂಗೆ ಮೂರು ವಾರ. ಅವನಿಗೆ ತಪ್ಪಿದ್ರೆ ಏನೂ ಅನ್ಸಲ್ಲ, ಇನ್ನೂ ಹತ್ತು ಸಲ ತಪ್ಪಾಗಿ ನುಡಿಸ್ತಾನೆ, ನಾನು ಒಂದ್ಸಲ ತಪ್ಪಿದ್ರೆ ಯಾರಾದ್ರೂ ಕೇಳಿಸ್ಕೊಂಡ್ರಾ ಅಂತ ಬಾಗಿಲ ಕಡೆ ನೋಡ್ತೀನಿ. ನಮ್ಮ ಅಸಲಿ ತೊಂದ್ರೆ ಅಲ್ಲಿದೆ ಅನ್ಸುತ್ತೆ, ನಮ್ಮ ಕಿವಿಗೆ ನಲವತ್ತು ವರ್ಷ ಒಳ್ಳೊಳ್ಳೆ ಹಾಡು ಕೇಳಿ ಅಭ್ಯಾಸ ಆಗಿದೆ, ಬೆರಳಿಗೆ ಇನ್ನೂ ಎರಡು ವರ್ಷ. ಕಿವಿ ಯಜಮಾನ, ಬೆರಳು ಮೊನ್ನೆ ಸೇರಿದ ಆಳು, ದಿನಾ ಬೈಗುಳ. ಹಾಂ, ಯಾವ ಆಧಾರಾನೂ ಇಲ್ದೆ ಸ್ವರ ಕೇಳಿ ಇದು ಇಂಥದೇ ಅಂತ ಹೇಳೋ ಕಿವಿ ಚಿಕ್ಕಂದಿನಲ್ಲೇ ಬಂದ್ರೆ ಬಂತು ಅಂತಾರೆ, ಅದು ನಿಜ ಇರ್ಬಹುದು, ಆದ್ರೆ ನಾಲ್ಕು ಕಾರ್ಡ್ ಹಾಡಿಗೆ ಅದು ಬೇಕಾಗೇ ಇಲ್ಲ, ಟ್ಯೂನರ್ ಇದೆಯಲ್ಲ.

ದೊಡ್ಡವರಾಗಿ ಕಲಿಯೋದ್ರಲ್ಲಿ ಲಾಭಾನೂ ಇದೆ. ಹನ್ನೆರಡು ಫ್ರೆಟ್ ಏರಿದ್ರೆ ಅದೇ ಸ್ವರ ಮೇಲಿನ ಸ್ಥಾಯೀಲಿ ಬರುತ್ತೆ, ಆ ಹನ್ನೆರಡನೇ ಫ್ರೆಟ್ ತಂತಿಯ ಸರಿಯಾದ ಅರ್ಧಕ್ಕೇ ಇರುತ್ತೆ ಅಂತ ಸ್ಕೇಲ್ ಹಿಡಿದು ನಾನೇ ಅಳೆದು ನೋಡಿದಾಗ ಎಷ್ಟು ಮಜಾ ಬಂತು ಅಂತೀರಾ, ಶಾಲೇಲಿ ಸತ್ರೂ ತಲೆಗೆ ಹೋಗದೆ ಇದ್ದ ಭೌತಶಾಸ್ತ್ರ ಎಲ್ಲ ತೊಡೆ ಮೇಲೆ ಕೂತಿತ್ತು. ಮತ್ತೆ ಒಂದ್ ವಿಷಯ, ಭಾನುವಾರ ಎರಡು ಗಂಟೆ ಕೂರೋದಕ್ಕಿಂತ ದಿನಾ ಹದಿನೈದು ನಿಮಿಷ ನಂಗೆ ಕೆಲಸ ಮಾಡ್ತು. ರಾತ್ರಿ ಬರದೇ ಇದ್ದ ಸಿ ಇಂದ ಜಿಗೆ ಹೋಗೋ ಬದಲಾವಣೆ ಬೆಳಿಗ್ಗೆ ಎದ್ದು ಹಿಡಿದ್ರೆ ಸ್ವಲ್ಪ ಬಂದಿರುತ್ತೆ, ನಿದ್ದೇಲಿ ಮೆದುಳು ಕೈಕೆಲಸದ ಪಾಠ ಗಟ್ಟಿ ಮಾಡ್ಕೊಳ್ಳುತ್ತೆ ಅಂತಾರಲ್ಲ, ಅದು ಸುಳ್ಳಲ್ಲ. ಫೋನಲ್ಲಿ ಒಂದು ನಿಮಿಷ ಟೈಮರ್ ಇಟ್ಟು ಸಿ ಜಿ ಸಿ ಜಿ ಅಂತ ಎಷ್ಟು ಸಲ ಬದಲಾಯಿಸ್ತೀನಿ ಎಣಿಸ್ತೀನಿ. ಶುರೂಲಿ 9, ಈಗ 38. ಎಫ್ ಬರೋ ತನಕ ಅದರ ಜಾಗದಲ್ಲಿ ಎಫ್ ಮೇಜರ್ ಸೆವೆನ್ ಹಾಕ್ಕೊಂಡೆ, ಅದಕ್ಕೆ ಮೂರು ಬೆರಳು ಸಾಕು, ಬಾರೆ ಬೇಡ, ಬಹಳಷ್ಟು ಹಾಡಲ್ಲಿ ಕೇಳೋರಿಗೆ ವ್ಯತ್ಯಾಸಾನೂ ಗೊತ್ತಾಗಲ್ಲ.

ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಹವ್ಯಾಸದ ಪುಟದಲ್ಲಿ ಗಿಟಾರ್ ಬಗ್ಗೆ ಬರೆದ್ರೆ ಗಾದೆ ಬದಲು ಆ ಮೂರನೇ ಫ್ರೆಟ್ ಪರೀಕ್ಷೆ ಹಾಕಿ, ನಾಲ್ಕು ಸಾಲು ಸಾಕು. ಎಷ್ಟು ಜನರ ಮನೇಲಿ ಬೀರು ಮೇಲೆ ಧೂಳು ತಿನ್ನುತ್ತಾ ಗಿಟಾರ್ ಬಿದ್ದಿರುತ್ತೆ, ನಂಗೆ ಬರಲ್ಲ ಅಂತ ಎತ್ತಿಟ್ಟಿರೋರಲ್ಲಿ ಕೆಲವರದ್ದಾದ್ರೂ ನಟ್ ಉಜ್ಜಿಸಿದ್ರೆ ಸರಿ ಹೋಗೋ ಗಿಟಾರ್ ಇರುತ್ತೆ. ಮಾರೋರೂ ಹೊಸಬರಿಗೆ ಕೊಡೋ ಮುಂಚೆ ಅರ್ಧ ಗಂಟೆ ಇದನ್ನ ಮಾಡಿ ಕೊಟ್ರೆ ಅವ್ರ ಗಂಟೇನೂ ಹೋಗಲ್ಲ. ಕಲಿಸೋ ಮೇಷ್ಟ್ರುಗಳು "ವಯಸ್ಸು" ಅನ್ನೋ ಮುಂಚೆ ಶಿಷ್ಯನ ಗಿಟಾರನ್ನ ಒಂದ್ಸಲ ತಾವೇ ನುಡಿಸಿ ನೋಡ್ಲಿ. ನಮ್ಮ ಮೇಷ್ಟ್ರು ಈಗ ಹೊಸಬರು ಯಾರು ಬಂದ್ರೂ ಮೊದಲು ಗಿಟಾರ್ ಇಸ್ಕೊಂಡು ಎಫ್ ಹಿಡಿದು ನೋಡ್ತಾರೆ, ನಾನು ಹೇಳಿದ್ದಕ್ಕಲ್ಲ, ಅವ್ರೇ ಶುರು ಮಾಡಿದ್ರು.

ಎಫ್ ಬಂತಾ ಅಂತ ಕೇಳ್ತೀರೇನೋ. ನಿನ್ನೆ ರಾತ್ರಿ ಲೆಕ್ಕಕ್ಕೆ ಆರರಲ್ಲಿ ಐದು. ಎರಡನೇ ತಂತಿ ಸರಿಯಾಗಿ ತೋರುಬೆರಳಿನ ಗೆಣ್ಣಿನ ಮಡಿಕೇಲಿ ಹೋಗಿ ಕೂರುತ್ತೆ, ಬೆರಳನ್ನ ಒಂಚೂರು ಪಕ್ಕಕ್ಕೆ ಹೊರಳಿಸಿದ್ರೆ ಅದು ನುಡಿಯುತ್ತೆ, ಆದ್ರೆ ಮೊದಲನೇದು ನಿಂತೋಗುತ್ತೆ. ಇದು ಮಾತ್ರ ನಟ್ಟಿನ ತಪ್ಪಲ್ಲ, ನಂದೇ.

ಇಂತಿ,
ನಿಮ್ಮ ಹಳೇ ಓದುಗ