ದೊಡ್ಡವರಿಗೂ ಬೇಕು ಹೆಜ್ಜೆ ತರಗತಿ

ಮಾನ್ಯರೇ,

ಶಿರಸಿ, ಕುಮಟಾ, ಹೊನ್ನಾವರದ ಕಡೆ ಯಕ್ಷಗಾನ ತರಗತಿ ಎಂದರೆ ಮಕ್ಕಳಿಗೆ ಎಂದೇ ಲೆಕ್ಕ. ಬರೀ ಖುಷಿಗಾಗಿ ಕಲಿಯಬೇಕೆನ್ನುವ ನಲವತ್ತು ದಾಟಿದವರಿಗೂ ತರಗತಿಗಳು ಬೇಕು. ಅದಕ್ಕೆ ಮಳೆಗಾಲವೇ ಸರಿ. ಯಕ್ಷಗಾನ ಮೇಳಗಳ (ತಂಡಗಳ) ತಿರುಗಾಟ ನಿಂತು ಕಲಾವಿದರು ಊರಲ್ಲಿರುತ್ತಾರೆ.

ಮೊದಲ ಮೂರ್ನಾಲ್ಕು ವಾರ ಕುಣಿಸುವುದೇ ಬೇಡ. ಕೂತು ಕೈಯಲ್ಲಿ ತಾಳ ಹಾಕಲಿ: ಏಕ ತಾಳಕ್ಕೆ 4 ಮಾತ್ರೆ (ಎಣಿಕೆ), ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10. ಹೊಸಬರು ಎಡವುವುದು ತ್ರಿವುಡೆಯಲ್ಲಿ. ಎಂಟಕ್ಕೆ ಒಗ್ಗಿದ ಕಿವಿ ಕೊನೆಗೊಂದು ಮಾತ್ರೆ ಸೇರಿಸಿಬಿಡುತ್ತದೆ. ಮೂರು, ಎರಡು, ಎರಡು ಎಂದು ಬಿಡಿಸಿ ಬಾಯಲ್ಲಿ ಎಣಿಸಿದರೆ ಸರಿಹೋಗುತ್ತದೆ.

ಹೆಜ್ಜೆಗೆ ಸಿಮೆಂಟು, ಟೈಲ್ಸ್ ನೆಲ ಬೇಡ. ಬರಿಗಾಲಲ್ಲಿ ಕುಟ್ಟಿ ಕುಟ್ಟಿ ಹಿಮ್ಮಡಿ ನೋವು ಬಂದವರು ಎರಡನೇ ತಿಂಗಳು ಬರುವುದಿಲ್ಲ. ಮಣ್ಣಿನ ನೆಲ ಅಥವಾ ಹಲಗೆ ಒಳ್ಳೆಯದು. ಮಂಡಿಯೂರಿ ಸುತ್ತುವ ಮಂಡಿ ಕುಣಿತವನ್ನು ಈ ವಯಸ್ಸಿನವರಿಗೆ ಕಲಿಸಲೇಬಾರದು. ವಿಳಂಬದಲ್ಲಿ, ಅಂದರೆ ನಿಧಾನ ಲಯದಲ್ಲಿ, ಹೆಜ್ಜೆ ಕೂತ ಮೇಲಷ್ಟೇ ಚೆಂಡೆ.

ವಾರ್ಷಿಕೋತ್ಸವಕ್ಕೆ ವೇಷ ಕಟ್ಟಲೇಬೇಕೆಂಬ ಶರತ್ತು ಮಾತ್ರ ದಯವಿಟ್ಟು ಬೇಡ. ಕಲಿಕೆಯ ಸುಖವೆಲ್ಲ ಅಲ್ಲೇ ಹೋಗುತ್ತದೆ.

ಸಂಜೆ ಖಾಲಿ ಬೀಳುವ ಶಾಲೆಗಳು ವಾರಕ್ಕೆರಡು ದಿನ, ಒಂದು ತಾಸು ಒಂದು ಕೋಣೆ ಬಿಟ್ಟುಕೊಡಲಿ. ಸಂಘಸಂಸ್ಥೆಗಳು ಈ ಜೂನ್‌ನಲ್ಲೇ ಶುರುಮಾಡಲಿ.

– ಯಕ್ಷಗಾನ ಹವ್ಯಾಸಿಗಳು, ಶಿರಸಿ