‘ಕೃಪೆ: ಅಂತರ್ಜಾಲ’ ಎಂದು ಬರೆಯುವ ಬದಲು ಒಂದು ಲಿಂಕ್ ಕೊಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ಯಾಣದ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಮನೆಯ ಹಿಂದಿನ ಎರಡು ಕೋಣೆ ಸರಿಮಾಡಿ ಹೋಮ್‌ಸ್ಟೇ ತೆರೆದಿದ್ದಾನೆ, ಅದಕ್ಕೊಂದು ವೆಬ್‌ಸೈಟನ್ನೂ ಮಾಡಿಸಿದ್ದಾನೆ. “ಅಕ್ಕಾ, ಇಪ್ಪತ್ತೈದು ಸಾವಿರ ಕೊಟ್ಟರೆ ಸಾವಿರ ಬ್ಯಾಕ್‌ಲಿಂಕ್ ಹಾಕಿ ಮೂವತ್ತೇ ದಿನದಲ್ಲಿ ಗೂಗಲ್‌ನ ಮೊದಲ ಪುಟಕ್ಕೆ ತರ್ತಾರಂತೆ, ಪೇಪರಲ್ಲೇ ಜಾಹೀರಾತು ಬಂದಿದೆ, ಕೊಡ್ಲಾ?” ಎಂದು ಕೇಳಿದ. ಬ್ಯಾಕ್‌ಲಿಂಕ್ ಎಂದರೆ ಬೇರೆ ಸೈಟುಗಳಿಂದ ನಮ್ಮ ಸೈಟಿಗೆ ಬರುವ ಲಿಂಕ್. ಬೇಡ ಎಂದೆ. ಯಾಕೆ ಬೇಡ ಎಂದು ಬಿಡಿಸಿ ಹೇಳುವಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಗಿತ್ತು. ಅವನಿಗೆ ಹೇಳಿದ್ದನ್ನು ನಮ್ಮ ಜಿಲ್ಲೆಯ ಉಳಿದವರೂ ಕೇಳಬೇಕು ಅನ್ನಿಸಿತು. ಜೊತೆಗೆ ನಿಮ್ಮಲ್ಲೂ ಒಂದು ಬೇಡಿಕೆ ಇದೆ. ಅದಕ್ಕೆ ಈ ಪತ್ರ.

ನಮ್ಮದು ಶಿರಸಿ ತಾಲ್ಲೂಕಿನ, ಅಘನಾಶಿನಿ ಕಣಿವೆಯ ಊರು. ಅಡಿಕೆ ತೋಟವಿದೆ. ಅದರ ಜೊತೆಗೆ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡಿ ಮಾರುವುದು ನನ್ನ ಕೆಲಸ. 2010ರಲ್ಲಿ ಅಣ್ಣನ ಮಗ ನನಗೊಂದು ವೆಬ್‌ಸೈಟ್ ಮಾಡಿಕೊಟ್ಟ. ಮಾರುವ ಪುಟ ಒಂದೇ ಇತ್ತು, ಉಳಿದದ್ದೆಲ್ಲ ನಾನು ಕೂತು ಬರೆದದ್ದು. ಹೊಳೆಬದಿಯ ಮರದಿಂದ ಮಿಡಿಯನ್ನು ತೊಟ್ಟು ಸಮೇತ ಯಾಕೆ ಇಳಿಸಬೇಕು, ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಇಡೀ ಭರಣಿಯನ್ನು ಹೇಗೆ ಕೆಡಿಸುತ್ತದೆ, ಸೊನೆ ಹೋದರೆ ಪರಿಮಳವೂ ಬಾಳಿಕೆಯೂ ಹೇಗೆ ಹೋಗುತ್ತದೆ, ಹರಳುಪ್ಪಿನಲ್ಲಿ ಪದರ ಪದರವಾಗಿ ಹಾಕಿದ ಮಿಡಿ ನೀರು ಬಿಟ್ಟು ಸುಕ್ಕಾಗುವವರೆಗೆ ಏನೇನು ನೋಡಿಕೊಳ್ಳಬೇಕು. ಅನಂತಭಟ್ಟ, ಮಾಳಂಜಿ, ಜೀರಿಗೆ ಎಂದು ಒಂದೊಂದು ಅಪ್ಪೆಯ ಚಿತ್ರ ತೆಗೆದು, ವಾಸನೆ ಹೇಗಿದೆ ಎಂಬುದನ್ನು ಮಾತಿನಲ್ಲಿ ಹಿಡಿಯಲು ಪ್ರಯತ್ನಪಟ್ಟಿದ್ದೆ. ಬೆಂಗಳೂರು, ಮುಂಬೈಗಳಲ್ಲಿ ಇರುವ ನಮ್ಮ ಕಡೆಯವರು ಓದಿ ಫೋನ್ ಮಾಡುತ್ತಿದ್ದರು.

ಮರುವರ್ಷ ಒಂದು ಕಂಪನಿಯವರು ಫೋನ್ ಮಾಡಿ, 12,000 ರೂಪಾಯಿಗೆ 600 ಲಿಂಕ್ ಎಂದರು. ಕೊಟ್ಟೆ. ಎರಡು ತಿಂಗಳಲ್ಲಿ ಸೈಟು ಮೇಲೆ ಬಂತು. ಆರ್ಡರ್ ಹೆಚ್ಚಿತು, ಹೊಸದಾಗಿ ನಾಲ್ಕು ಭರಣಿ ಕೊಂಡೆ. 2012ರ ಏಪ್ರಿಲ್ ಕೊನೆಯ ವಾರ, ಆ ವರ್ಷದ ಮಿಡಿಯೆಲ್ಲ ಉಪ್ಪಿಗೆ ಬಿದ್ದು ಇನ್ನೇನು ಮಾರಬೇಕು ಎನ್ನುವ ಹೊತ್ತಿಗೆ, ಫೋನ್ ನಿಂತುಹೋಯಿತು. ಹುಡುಕಿದರೆ ಐದನೇ ಪುಟದಲ್ಲೂ ನಮ್ಮ ಹೆಸರಿಲ್ಲ. ಕಂಪನಿಯವರ ನಂಬರ್ ಸ್ವಿಚ್ ಆಫ್.

ಆಗಿದ್ದೇನೆಂದರೆ, ಆ ಏಪ್ರಿಲ್ 24ರಂದು ಗೂಗಲ್ ಪೆಂಗ್ವಿನ್ ಎಂಬ ಬದಲಾವಣೆಯನ್ನು ಜಾರಿಗೆ ತಂದಿತ್ತು. ಕೃತಕವಾಗಿ ಲಿಂಕ್ ಕಟ್ಟಿಸಿಕೊಂಡ ಸೈಟುಗಳನ್ನು ಗುರುತಿಸಿ ಕೆಳಗಿಳಿಸುವುದೇ ಅದರ ಕೆಲಸ. ಅದಕ್ಕೂ ಹಿಂದಿನ ವರ್ಷ, 2011ರ ಫೆಬ್ರವರಿಯಲ್ಲಿ, ಪಾಂಡಾ ಎಂಬುದು ಬಂದು ಹುರುಳಿಲ್ಲದ ಬರಹ ತುಂಬಿದ ಸೈಟುಗಳನ್ನು ಕೆಳಗೆ ತಳ್ಳಿತ್ತು. ಅದು ನನ್ನನ್ನು ಮುಟ್ಟಿರಲಿಲ್ಲ. ಬರಹ ನನ್ನದೇ ಇತ್ತು. ಲಿಂಕ್ ನನ್ನದಾಗಿರಲಿಲ್ಲ.

ಲಿಂಕಿಗೆ ಇಷ್ಟೊಂದು ಬೆಲೆ ಯಾಕೆ ಎಂದು ಯಾಣದ ಹುಡುಗನೂ ಕೇಳಿದ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್, ಸರ್ಗೇ ಬ್ರಿನ್ ಎಂಬಿಬ್ಬರು ಗೂಗಲ್ ಶುರುಮಾಡಿದ್ದೇ ಈ ಲೆಕ್ಕದ ಮೇಲೆ. ಒಂದು ಪುಟ ಇನ್ನೊಂದು ಪುಟಕ್ಕೆ ಲಿಂಕ್ ಕೊಟ್ಟರೆ ಅದೊಂದು ಶಿಫಾರಸು. ಎಷ್ಟು ಜನ ಶಿಫಾರಸು ಮಾಡಿದರು ಎಂಬುದರ ಜೊತೆಗೆ, ಮಾಡಿದವರಿಗೆ ಎಷ್ಟು ಮರ್ಯಾದೆ ಇದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಾವು ಹೆಣ್ಣಿಗೆ ಗಂಡು ನೋಡುವಾಗಲೂ ಹಾಗೇ ಅಲ್ಲವೇ? ಬಸ್ಸಿನಲ್ಲಿ ಸಿಕ್ಕ ಹತ್ತು ಜನ ಹೊಗಳಿದ್ದಕ್ಕಿಂತ ಆ ಮನೆಯ ಬಳಕೆ ಇದ್ದ ಒಬ್ಬರು “ಜನ ಒಳ್ಳೆಯವರು” ಎಂದರೆ ಅದಕ್ಕೆ ತೂಕ. ದುಡ್ಡು ತೆಗೆದುಕೊಂಡು ಹೊಗಳಲು ಜನ ಹುಟ್ಟಿಕೊಂಡ ಮೇಲೆ ಹೊಗಳಿಕೆ ಅಸಲೋ ನಕಲೋ ಎಂದು ನೋಡುವ ಕೆಲಸವೂ ಹುಡುಕು ಯಂತ್ರಕ್ಕೆ ಬಂತು. ಇಷ್ಟು ವರ್ಷದ ಬದಲಾವಣೆಗಳಲ್ಲಿ ಅರ್ಧಕ್ಕರ್ಧ ಇದೇ ಕಥೆ.

ನಮಗೆ ಕಂಪನಿಯವರು ಕೊಟ್ಟ ಲಿಂಕುಗಳು ಎಂಥವೆಂದು ಕಣ್ಣಾರೆ ಕಂಡದ್ದು ಆ ಮಳೆಗಾಲದಲ್ಲಿ. ಕರೆಂಟು ಇರಲಿಲ್ಲ. ಅಣ್ಣನ ಮಗನ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಚಾರ್ಜಿನಲ್ಲೇ, ಗೂಗಲ್ ಸೈಟಿನ ಒಡೆಯರಿಗೆ ಕೊಡುವ ಲಿಂಕುಗಳ ಪಟ್ಟಿ ತೆರೆದು ಒಂದೊಂದೇ ನೋಡುತ್ತ ಕೂತೆವು. ಹಲ್ಲು ಬೆಳ್ಳಗಾಗಿಸುವ ಪುಡಿ ಮಾರುವ ಸೈಟು. ಜೂಜಿನ ಸೈಟು. ಯಾವುದೋ ದೇಶದ ಕಾರ್ ಇನ್ಶೂರೆನ್ಸ್. ಲಿಪಿಯೇ ಗುರುತು ಸಿಗದ ಪುಟಗಳು. ಎಲ್ಲದರ ಅಡಿಯಲ್ಲೂ ‘ಬೈ ಮ್ಯಾಂಗೋ ಪಿಕಲ್ ಆನ್‌ಲೈನ್’ ಎಂಬ ಅದೇ ನಾಲ್ಕು ಪದ, ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲದೆ. ನಿಜವಾಗಿ ನನ್ನ ಉಪ್ಪಿನಕಾಯಿ ತಿಂದವರು ಬರೆದರೆ ಒಬ್ಬರು ‘ಶಿರಸಿಯ ಮಿಡಿ’ ಎನ್ನುತ್ತಾರೆ, ಇನ್ನೊಬ್ಬರು ‘ಅಮ್ಮನ ರುಚಿ’ ಎನ್ನುತ್ತಾರೆ. ಆರುನೂರು ಜನ ಅದೇ ನಾಲ್ಕು ಪದ ಬರೆಯುವುದುಂಟೇ? ಆ ರಾತ್ರಿ ನನಗೆ ಬಂದ ದುಃಖ ದುಡ್ಡಿನದ್ದಲ್ಲ. ಅತ್ತೆಯ ಕೈಯಿಂದ ಕಲಿತ ವಿದ್ಯೆಯನ್ನು ಎಂಥೆಂಥ ಪುಟಗಳ ಅಡಿಯಲ್ಲಿ ಅಂಟಿಸಿದ್ದರು ಎಂಬುದು.

ಅವುಗಳನ್ನು ತೆಗೆಯಿರಿ ಎಂದು ಬರೆದರೆ ಯಾರೂ ಉತ್ತರ ಕೊಡಲಿಲ್ಲ. ಆ ವರ್ಷ ಅಕ್ಟೋಬರಿನಲ್ಲಿ, “ಈ ಲಿಂಕುಗಳನ್ನು ನಮ್ಮ ಲೆಕ್ಕಕ್ಕೆ ಹಿಡಿಯಬೇಡಿ” ಎಂದು ತಿಳಿಸಲು ಡಿಸಾವೋ ಎಂಬ ಸೌಲಭ್ಯವನ್ನು ಗೂಗಲ್ ಕೊಟ್ಟಿತು. ಪಟ್ಟಿ ಮಾಡಿ ಕಳಿಸಿದೆವು. ಆದರೆ ಆಗ ಪೆಂಗ್ವಿನ್ ದಿನವೂ ನಡೆಯುತ್ತಿರಲಿಲ್ಲ. ಅದನ್ನು ಮತ್ತೊಮ್ಮೆ ಓಡಿಸುವವರೆಗೆ ಶುದ್ಧ ಮಾಡಿಕೊಂಡವರೂ ಕಾಯಬೇಕಿತ್ತು. ನಾನು ಕಾದದ್ದು 2014ರ ಅಕ್ಟೋಬರಿನವರೆಗೆ. ಎರಡು ಸೀಸನ್ನಿನ ಮಿಡಿ ಮಾರಿದ್ದು ಶಿರಸಿ ಪೇಟೆಯಲ್ಲಿ, ಸಿಕ್ಕಿದ ದರಕ್ಕೆ.

ಮತ್ತೆ ಮೇಲೆತ್ತಿದ್ದು ಮೂರೇ ಮೂರು ಲಿಂಕ್. ಅಪ್ಪೆ ತಳಿಗಳ ಬಗ್ಗೆ ಬರೆದ ಸಸ್ಯಶಾಸ್ತ್ರದ ಉಪನ್ಯಾಸಕರೊಬ್ಬರು ನನ್ನ ಜೀರಿಗೆ ಮಿಡಿಯ ಪುಟವನ್ನು ಉಲ್ಲೇಖಿಸಿ ಲಿಂಕ್ ಕೊಟ್ಟರು. ಅಪ್ಪೆಹುಳಿ ಮಾಡುವುದನ್ನು ಬರೆದ ಬೆಂಗಳೂರಿನ ಗೃಹಿಣಿಯೊಬ್ಬರು ಕೊಟ್ಟರು. ಮೂರನೆಯದು ಕಸಿ ಕಟ್ಟುವ ಕೃಷಿಕರೊಬ್ಬರದ್ದು. ಯಾರನ್ನೂ ನಾನು ಕೇಳಿರಲಿಲ್ಲ, ಯಾರಿಗೂ ಒಂದು ಪೈಸೆ ಕೊಟ್ಟಿರಲಿಲ್ಲ.

2016ರ ಸೆಪ್ಟೆಂಬರಿನಿಂದ ಪೆಂಗ್ವಿನ್ ಗೂಗಲ್‌ನ ಮೂಲ ವ್ಯವಸ್ಥೆಯೊಳಗೇ ಸೇರಿಹೋಯಿತು. ಈಗ ಕೆಟ್ಟ ಲಿಂಕುಗಳಿಗೆ ಬಹುಪಾಲು ಶಿಕ್ಷೆಯಿಲ್ಲ, ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂದರೆ ಹುಡುಗನ ಇಪ್ಪತ್ತೈದು ಸಾವಿರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅತಿಯಾದರೆ ಗೂಗಲ್‌ನ ಸಿಬ್ಬಂದಿಯೇ ನೋಡಿ ಕ್ರಮ ತೆಗೆದುಕೊಳ್ಳುವುದೂ ಉಂಟು. ಮೊದಲ ಸ್ಥಾನದ ಗ್ಯಾರಂಟಿ ಯಾರಿಂದಲೂ ಕೊಡಲಾಗದು ಎಂದು ಗೂಗಲ್ ತನ್ನ ಸಲಹೆಗಳಲ್ಲಿ ಬರೆದೇ ಇಟ್ಟಿದೆ. ಹಾಗಿದ್ದೂ ‘ಗ್ಯಾರಂಟಿ’ ಎಂಬ ಪದವಿರುವ ಜಾಹೀರಾತು ಪತ್ರಿಕೆಗಳಲ್ಲಿ ಬರುತ್ತಿದೆ. ಪೇಪರಿನಲ್ಲಿ ಬಂದದ್ದು ನಿಜವೇ ಇರಬೇಕು ಎಂದು ನಂಬುವ ಜನ ನಮ್ಮಲ್ಲಿ ಇನ್ನೂ ಇದ್ದಾರೆ, ಸಂಪಾದಕರೇ. ಆ ನಂಬಿಕೆಯನ್ನು ನೀವು ಕಾಯಬೇಕು.

ಇನ್ನು ನಿಮ್ಮಲ್ಲಿಯ ಬೇಡಿಕೆ. ನಮ್ಮ ಜಿಲ್ಲೆಯ ಬಗ್ಗೆ ಕನ್ನಡದ ಸುದ್ದಿ ಸೈಟುಗಳಲ್ಲಿ ಬೇಕಾದಷ್ಟು ಬರುತ್ತದೆ. ಯಾಣ, ಉಂಚಳ್ಳಿ, ಬನವಾಸಿ, ಗೋಕರ್ಣ, ಅಂಕೋಲೆಯ ಕರಿ ಇಶಾಡು ಮಾವು. ಚಿತ್ರದ ಅಡಿಯಲ್ಲಿ ಮಾತ್ರ ‘ಕೃಪೆ: ಅಂತರ್ಜಾಲ’. ಅಂತರ್ಜಾಲ ಎಂಬ ಹೆಸರಿನವರು ಯಾರೂ ಇಲ್ಲ. ಒಬ್ಬರು ಬೆಳಗಿನ ಜಾವ ಎದ್ದು, ಉಂಬಳ (ಜಿಗಣೆ) ಕಚ್ಚಿಸಿಕೊಂಡು, ಜಲಪಾತದ ಚಿತ್ರ ತೆಗೆದಿರುತ್ತಾರೆ. ಮೂರು ವರ್ಷದ ಹಿಂದೆ ಒಂದು ಸುದ್ದಿ ಸೈಟಿನಲ್ಲಿ ಅಪ್ಪೆಮಿಡಿಯ ಲೇಖನ ಬಂತು. ನೋಡಿದರೆ ನನ್ನ ಅಡಿಗೆಮನೆಯ ಭರಣಿ! ಬಾಯಿ ಒಡೆದ ಜಾಗಕ್ಕೆ ಅತ್ತೆ ಕಟ್ಟಿದ್ದ ಕೆಂಪು ದಾರ ಹಾಗೇ ಕಾಣುತ್ತಿತ್ತು. ಕೆಳಗಿನ ನಾಲ್ಕು ಪ್ಯಾರಾ ನನ್ನ ಪುಟದ್ದು. ಲಿಂಕ್ ಇಲ್ಲ, ಹೆಸರಿಲ್ಲ. ‘ಕೃಪೆ: ಅಂತರ್ಜಾಲ’.

ಮರ್ಯಾದೆಯ ಮಾತು ಒಂದು ಕಡೆ ಇರಲಿ, ಆ ಸೈಟು ದೊಡ್ಡದು, ಹುಡುಕಿದರೆ ಅದೇ ಮೇಲೆ ಬರುತ್ತದೆ, ನನ್ನದು ಅದರ ಕೆಳಗೆ. ಅಲ್ಲಿಂದ ಒಂದು ಲಿಂಕ್ ಇದ್ದಿದ್ದರೆ, ಮೂಲ ಇಲ್ಲಿದೆ ಎಂದು ಯಂತ್ರಕ್ಕೂ ಓದುಗರಿಗೂ ಒಂದು ಗುರುತು ಸಿಗುತ್ತಿತ್ತು. ನೂರು ರೂಪಾಯಿಯ ಖರ್ಚೂ ಇಲ್ಲದ ಕೆಲಸ ಅದು. ಈಗ ಇದು ಇನ್ನೂ ಮುಖ್ಯ. 2024ರ ಆಗಸ್ಟಿನಿಂದ ಭಾರತದಲ್ಲೂ ಗೂಗಲ್ ಇಂಗ್ಲಿಷ್ ಮತ್ತು ಹಿಂದಿಯ ಹುಡುಕಾಟಗಳಿಗೆ ಎಐ ಬರೆದ ಸಾರಾಂಶವನ್ನೇ ಮೇಲೆ ತೋರಿಸುತ್ತಿದೆ. ಉತ್ತರ ಅಲ್ಲೇ ಸಿಕ್ಕಿದ ಮೇಲೆ ಕೆಳಗಿನ ಪುಟಕ್ಕೆ ಬರುವವರು ಯಾರು? ಬಂದರೆ ಆ ಸಾರಾಂಶದ ಪಕ್ಕದಲ್ಲಿ ಕಾಣುವ ಒಂದೆರಡು ಹೆಸರಿಗೆ ಬರಬೇಕು. ಅಲ್ಲಿ ನಕಲು ಮಾಡಿದವರ ಹೆಸರು ಇರಬೇಕೋ, ಮಿಡಿ ಇಳಿಸಿದವರ ಹೆಸರು ಇರಬೇಕೋ?

ಪತ್ರಿಕೆಗಳಿಗೂ ಇದರಲ್ಲಿ ಸ್ವಂತ ಹಿತವಿದೆ. 2024ರ ಮಾರ್ಚಿನಲ್ಲಿ ಗೂಗಲ್ ತಂದ ಹೊಸ ನಿಯಮಗಳಲ್ಲಿ, ಹೆಸರು ಮಾಡಿದ ಸೈಟಿನ ಒಂದು ಮೂಲೆಯನ್ನು ಬೇರೆಯವರ ವ್ಯಾಪಾರಿ ಬರಹಕ್ಕೆ ಬಾಡಿಗೆ ಕೊಟ್ಟು ಮೇಲೆ ತರುವುದೂ ವಂಚನೆಯ ಲೆಕ್ಕಕ್ಕೆ ಸೇರಿದೆ. ದುಡ್ಡು ತೆಗೆದುಕೊಂಡು ಕೊಟ್ಟ ಲಿಂಕಿಗೆ ‘ಪ್ರಾಯೋಜಿತ’ ಎಂಬ ಗುರುತು ಹಾಕಲು 2019ರಿಂದ ವ್ಯವಸ್ಥೆ ಇದೆ. ಜಾಹೀರಾತಿನ ಲಿಂಕಿಗೆ ಆ ಗುರುತು ಹಾಕಿ, ಮೂಲ ಬರೆದವರಿಗೆ ಯಾವ ಗುರುತೂ ಇಲ್ಲದ ಶುದ್ಧ ಲಿಂಕ್ ಕೊಡಿ. ಈಗ ಹಲವು ಕಡೆ ತಿರುಗುಮುರುಗು ನಡೆಯುತ್ತಿದೆ.

ಅದೇ ಮಾರ್ಚಿನ ನಿಯಮಗಳಲ್ಲಿ ಇನ್ನೊಂದಿದೆ, ನಮ್ಮ ಸಂಘಸಂಸ್ಥೆಗಳು ಕಿವಿಗೊಡಬೇಕಾದದ್ದು. ಅವಧಿ ಮುಗಿದ ವೆಬ್ ವಿಳಾಸವನ್ನು ಕೊಂಡು, ಹಳೆಯ ಒಳ್ಳೆಯ ಹೆಸರಿನ ಮೇಲೆ ಬೇರೆಯದನ್ನು ನಡೆಸುವುದೂ ವಂಚನೆಯೇ. ನಮ್ಮ ಕಡೆಯ ಒಂದು ಸಂಘ, ಯಕ್ಷಗಾನ ತರಬೇತಿಯ ಒಳ್ಳೆಯ ಸೈಟು ಮಾಡಿತ್ತು. ವರ್ಷದ ಸಣ್ಣ ಶುಲ್ಕ ಕಟ್ಟಲು ಮರೆತರು. ಇಂದು ಆ ವಿಳಾಸ ತೆರೆದರೆ ರಮ್ಮಿ ಆಟ! ಆ ಸಂಘಕ್ಕೆ ಅಭಿಮಾನದಿಂದ ಲಿಂಕ್ ಕೊಟ್ಟಿದ್ದ ಶಾಲೆಯ ಪುಟದಿಂದ ಮಕ್ಕಳು ಜೂಜಿನ ಪುಟಕ್ಕೆ ಹೋಗುತ್ತಿದ್ದರು. ಹೇಳಿ ಹೇಳಿ ಕಳೆದ ತಿಂಗಳು ಶಾಲೆಯವರು ಅದನ್ನು ತೆಗೆದರು. ನಿಮ್ಮ ನಿಮ್ಮ ಸೈಟಿನ ಹಳೆಯ ಲಿಂಕುಗಳನ್ನು ವರ್ಷಕ್ಕೊಮ್ಮೆಯಾದರೂ ಒತ್ತಿ ನೋಡಿ ಎಂದು ಸಹಕಾರಿ ಸಂಘಗಳು, ದೇವಸ್ಥಾನಗಳು, ಕಾಲೇಜುಗಳನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಫಲಿತಾಂಶಗಳಲ್ಲಿ ಪಕ್ಷಪಾತ ಮಾಡಿದ್ದಕ್ಕೆ ಭಾರತದ ಸ್ಪರ್ಧಾ ಆಯೋಗ 2018ರಲ್ಲಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿತ್ತು. ಅಂಥ ದೊಡ್ಡ ವ್ಯಾಜ್ಯ ಆಯೋಗಗಳೂ ಕೋರ್ಟುಗಳೂ ನೋಡಿಕೊಳ್ಳುವುದು. ನಮ್ಮ ಊರಿನ ಪುಟ ನಮ್ಮ ಊರಿನ ಪುಟಕ್ಕೆ ಲಿಂಕ್ ಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಹುಡುಗನಿಗೆ ನಾನು ಕೊಟ್ಟ ಸಲಹೆ ಇಷ್ಟು. ಯಾಣದ ಬಂಡೆಗೆ ಮಳೆಗಾಲದಲ್ಲಿ ಹೋಗುವ ದಾರಿ ಹೇಗಿದೆ, ಕಾರು ಎಲ್ಲಿಯವರೆಗೆ ಹೋಗುತ್ತದೆ, ಉಂಬಳಕ್ಕೆ ಏನು ಹಚ್ಚಿಕೊಳ್ಳಬೇಕು, ವಯಸ್ಸಾದವರು ಎಲ್ಲಿ ಕೂತು ಸುಧಾರಿಸಿಕೊಳ್ಳಬಹುದು ಎಂದು ವಾರ ವಾರ ನೋಡಿ ಬರಿ. ಆ ದಾರಿಯಲ್ಲಿ ದಿನವೂ ನಡೆಯುವವನು ನೀನು, ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಅದು ಗೊತ್ತಿಲ್ಲ. ಬರೆದಾಯಿತೆಂದರೆ ಹೇಳು, ನನ್ನ ಪುಟದಿಂದ ಮೊದಲ ಲಿಂಕ್ ನಾನು ಕೊಡುತ್ತೇನೆ, ಓದಿ ನೋಡಿ, ಸರಿ ಇದ್ದರೆ ಮಾತ್ರ. ಮೊನ್ನೆ ಒಂದು ಪುಟ ಕಳಿಸಿದ್ದ. ಚೆನ್ನಾಗಿತ್ತು. ಲಿಂಕ್ ಕೊಟ್ಟಿದ್ದೇನೆ.

ಬರುವ ಫೆಬ್ರವರಿಯ ಹೊತ್ತಿಗೆ ನಮ್ಮಲ್ಲಿ ಮಿಡಿ ಇಳಿಸುವುದು ಶುರುವಾಗುತ್ತದೆ. ನಿಮ್ಮ ವರದಿಗಾರರು ಬರಲಿ, ಮರದಡಿಗೆ ಕರೆದುಕೊಂಡು ಹೋಗುತ್ತೇನೆ. ಬರಲಾಗದಿದ್ದರೆ ಚಿತ್ರ, ವಿವರ ಎರಡನ್ನೂ ಕಳಿಸುತ್ತೇನೆ, ಹಣ ಬೇಡ. ಚಿತ್ರದ ಅಡಿಯಲ್ಲಿ ತೆಗೆದವರ ಹೆಸರು ಹಾಕಿ, ಅದಕ್ಕೊಂದು ಲಿಂಕ್ ಜೋಡಿಸಿ.

ಇತಿ,
ನಿಮ್ಮ ಹಳೆಯ ಓದುಗರಲ್ಲಿ ಒಬ್ಬಳು
ಶಿರಸಿ ತಾಲ್ಲೂಕು, ಉತ್ತರ ಕನ್ನಡ